ರಾಜರ ನೇಗಿಲು

“ನನ್ ನೇಗಿಲೆಲ್ಲಮ್ಮಾ?”

“ಐತಲ್ಲಣ್ಣ, ನನ್ ಕಂಪ್ಯೂಟರಲ್ಲಿ. ಬಗ್ಗಿ ನೋಡಿ.”

“ನಿನ್ ಕಂಪ್ಯೂಟರ್‌ ಬಂದು ವೋಟ್ ಹಾಕ್ತದಾ? ಚೀಟಿ ನೋಡು. ‘ನಿಮ್ಮ ಮತ ಈ ಗುರುತಿಗೆ’ ಅಂತ ಬರ್ದು ಖಾಲಿ ಚೌಕ!”

ಮರಳವಾಡಿಯ ಪುಟ್ಟಲಿಂಗಯ್ಯನವರು ಊರ ಹಾಲಿನ ಸಂಘದ ಚುನಾವಣೆಯೆಂಬ ಮಹಾಸಮರಕ್ಕೆ ನೇಗಿಲು ಹೊತ್ತು ಇಳಿದಿದ್ದರು. ಯುದ್ಧ ನಾಳೆಯೇ. ಆಯುಧ ಮಾತ್ರ ಕನಕಪುರದ ಅಮೀರುನ್ನೀಸಾಳ ಡಿಟಿಪಿ ಅಂಗಡಿಯಲ್ಲೇ ಉಳಿದುಬಿಟ್ಟಿತ್ತು.

“ಅದು ಚಿತ್ರ ಅಲ್ಲಣ್ಣ, ಅಕ್ಷರ. ಈಜಿಪ್ಟಿನ ರಾಜರು ಗೋಡೆ ಮೇಲೆ ಕೆತ್ತಿಸ್ತಿದ್ದದ್ದು. ಅಂಥವು ಸಾವಿರಕ್ಕೂ ಮೇಲವೆ. ಹೋದ ವರ್ಷ ಒಂದೊಂದಕ್ಕೂ ನಂಬರ್ ಕೊಟ್ಟು ಕಂಪ್ಯೂಟರಿಗೆ ಸೇರ್ಸವ್ರೆ.”

“ನಮ್ ಸಂಘದ ಮೆಂಬರ್ ನಂಬರಿನಂಗೆ?”

“ಹೂಂ. ನಾನು ಕಳಿಸಿದ್ರೆ ಹೋಗೋದು ಬರೀ ನಂಬರು. ಅದರ ಮುಖ ನೋಡಿಲ್ದಿರೋ ಕಂಪ್ಯೂಟರು ಖಾಲಿ ಚೌಕ ಬಿಡ್ತದೆ. ಚೀಟಿ ಅಚ್ಚು ಹಾಕಿದ ರಾಮನಗರದ ಪ್ರೆಸ್ಸಲ್ಲಿ ಆ ಅಕ್ಷರ ಇರ್ಲಿಲ್ಲ.”

“ಅಲ್ಲಾ ತಾಯಿ, ಈಜಿಪ್ಟಿಂದ ಕನಕಪುರಕ್ಕೆ ಬಂದ ನೇಗಿಲು ಕನಕಪುರದಿಂದ ರಾಮನಗರಕ್ಕೆ ಹೋಗ್ಲಿಲ್ವಾ? ಗಂಟೆಗೊಂದು ಬಸ್ ಐತೆ!”

“ಮಾಮೂಲಿ ನೇಗಿಲು ಹಾಕ್ತೀನಿ ಅಂದೆ. ‘ಬ್ಯಾಡ, ರಾಜರ ನೇಗಿಲೇ ಇರ್ಲಿ, ನನ್ ಎದುರು ನಿಂತಿರೋ ಕರಿಯಪ್ಪ ನೋಡಿ ಬೆವರ್ಬೇಕು’ ಅಂದೋರ್ಯಾರು?”

ಪುಟ್ಟಲಿಂಗಯ್ಯನವರ ಮೀಸೆ ಒಂದಂಗುಲ ಕೆಳಗಿಳಿಯಿತು.

“ಹೋಗ್ಲಿ ಬಿಡಿ. ಹಂಚ್ಬೇಡಿ, ಬೇರೆ ಮಾಡ್ಕೊಡ್ತೀನಿ.”

“ಹಂಚಾಯ್ತು ಕಣಮ್ಮ! ಕನ್ನಡಕ ಮನೇಲಿ ಬುಟ್ಟಿದ್ದೆ. ಬೆಳಿಗ್ಗೆ ಡೇರಿಗೆ ಬಂದ ಒಂದೊಂದು ಕ್ಯಾನಿಗೂ ನಾನೇ ನಿಂತು ಅಂಟಿಸ್ಬುಟ್ಟೆ!”

“ಖಾಲಿ ಚೌಕ ತಾನೆ? ಅದ್ರಿಂದ ಏನ್ ಲುಕ್ಸಾನು?”

“ಲುಕ್ಸಾನಾ? ಕರಿಯಪ್ಪನ ಗುರುತು ಏನ್ ಗೊತ್ತಾ? ಪೆಟ್ಟಿಗೆ!”

ಅಮೀರುನ್ನೀಸಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವನ್ನು ಮಾತ್ರ ಸೆರಗು ತಡೆಯಲಿಲ್ಲ. ಅಷ್ಟರಲ್ಲಿ ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತವರು ಸಾಕ್ಷಾತ್ ಕರಿಯಪ್ಪನವರು.

“ಲೇ ಪುಟ್ಟಲಿಂಗ, ಊರೆಲ್ಲಾ ಹುಡುಕ್ದೆ ಕಣ್ಲಾ! ನನ್ ಹೆಂಡ್ತಿ ತಮ್ಮಂದಿರೇ ನನ್ಗೆ ಒಂದ್ ಚೀಟಿ ಅಂಟಿಸ್ಲಿಲ್ಲ. ನೀನು ನಿನ್ ಕೈಯಾರೆ ನನ್ ಪೆಟ್ಟಿಗೇನ ಮನೆಮನೆಗೂ ಮುಟ್ಟಿಸ್ಬುಟ್ಯಲ್ಲ! ಎದುರಾಳಿ ಅಂದ್ರೆ ಹಿಂಗಿರ್ಬೇಕು. ತಗೋ, ಬಾಯಿ ಸಿಹಿ ಮಾಡ್ಕೊ.”

ಪುಟ್ಟಲಿಂಗಯ್ಯನವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಕರಿಯಪ್ಪನವರನ್ನು ತಲೆಯಿಂದ ಕಾಲಿನವರೆಗೆ ಅಳೆದು, ನಿಧಾನವಾಗಿ ಕೇಳಿದರು.

“ತಾಯಿ, ಆ ರಾಜರ ಸಾವಿರ ಅಕ್ಷರದಲ್ಲಿ ದೊಣ್ಣೆ ಐತಾ?”

“ಐತಣ್ಣ.”

“ಅದನ್ನ ರಾಮನಗರಕ್ಕೆ ಕಳಿಸ್ಬೇಡ. ಹಂಗೇ ನನ್ ಕೈಗೆ ಕೊಡು.”