ಕೂತೇ ಇಳಿದ ಗುಡ್ಡ

ಗುಡ್ಡ ಹತ್ತುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಗುಡ್ಡ ತನ್ನ ಪಾಡಿಗೆ ತಾನಿರುತ್ತದೆ. ಅದರ ನೆತ್ತಿಯ ಮೇಲೆ ನಮ್ಮದೇನೂ ಬಿದ್ದುಹೋಗಿರುವುದಿಲ್ಲ. ಹತ್ತಬೇಕು, ಏದುಸಿರು ಬಿಡಬೇಕು, ಮತ್ತೆ ಹೊರಟಲ್ಲಿಗೇ ಬರಬೇಕು. ಯಾವುದಾದರೂ ಕಚೇರಿಯಲ್ಲಿ ಹೀಗೆ ಅಲೆಸಿದರೆ ಶಾಪ ಹಾಕುವ ಜನ, ಗುಡ್ಡದಲ್ಲಿ ತಾವಾಗಿಯೇ ಅಲೆದು ಅದಕ್ಕೆ ಟ್ರೆಕ್ಕಿಂಗ್ ಎನ್ನುತ್ತಾರೆ.

ನಮ್ಮ ದೇಶಪಾಂಡೆ ನಗರದಲ್ಲಿ ಇಂಥವರದೊಂದು ಗುಂಪಿದೆ. ಮುಖಂಡರು ನಿವೃತ್ತ ಎಂಜಿನಿಯರ್ ದೇಸಾಯರು. ಮೊಣಕಾಲುದ್ದದ ಚಡ್ಡಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಎರಡು ಕೋಲು. ನನ್ನ ಹೆಂಡತಿ ವತ್ಸಲಾ ಈ ಗುಂಪು ಸೇರಿದವಳು, ಒಂದು ಭಾನುವಾರ ನನ್ನನ್ನೂ ಘಟ್ಟದ ಅಂಚಿನ ಗುಡ್ಡವೊಂದಕ್ಕೆ ಎಳೆದೊಯ್ದಳು. ದಾರಿಯುದ್ದಕ್ಕೂ ನಾನು ಆಡಿಕೊಂಡೆ. ಸೀಟಿ ಕೇಳಿದಾಗಲೆಲ್ಲ, "ಇವ್ರು ಬಸ್ಸಿನ ಕಂಡಕ್ಟರ್ ಆಗಬೇಕಿತ್ತು" ಎಂದೆ. "ಮಾತಿಗೆ ಉಸಿರು ಖರ್ಚು ಮಾಡಬ್ಯಾಡ್ರಿ, ಇನ್ನೂ ಮ್ಯಾಲ ಹೋಗೂದೈತಿ" ಎಂದಳು ವತ್ಸಲಾ. ಅಂತೂ ಶಿಖರ ತಲುಪಿದರೆ, ಪ್ರಕೃತಿಯ ಮೌನ ಸವಿಯಲು ಬಂದವರೆಲ್ಲ ಅವಲಕ್ಕಿಯ ಡಬ್ಬಿ ಬಿಚ್ಚಿ ಸೊಸೆಯಂದಿರನ್ನು ಬೈಯತೊಡಗಿದರು. ಇದಕ್ಕೆ ಮನೆಯ ಕಟ್ಟೆ ಸಾಲದಿತ್ತೇ? ಇವರ ಸಹವಾಸವೇ ಬೇಡವೆಂದು ನಾನು ತುದಿಯ ಬಂಡೆಯ ಮೇಲೆ ಠೀವಿಯಿಂದ ನಿಂತು ಕೆಳಗೆ ನೋಡಿದೆ.

ಅಷ್ಟೇ. ಕಣಿವೆ ಗರಗರ ತಿರುಗಿತು. ಕುಸಿದು ಕೂತೆ. ಮಂಜು ಬೇರೆ ಏರತೊಡಗಿತ್ತು.

"ಏನಾತ್ರೀ?" ವತ್ಸಲಾ ಓಡಿ ಬಂದಳು.

"ಏನಿಲ್ಲ, ನೋಡಾಕತ್ತೇನಿ."

"ಕಣ್ಣ ಮುಚಗೊಂಡು ಏನ್ ನೋಡಾಕತ್ತೀರಿ?"

ಅವಳ ಕೈ ಹಿಡಿದವನು ಬಿಡಲಿಲ್ಲ; ಮದುವೆಯ ದಿನವೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ದೇಸಾಯರು ಬಂದರು. ನಗಲಿಲ್ಲ. "ನಿಲ್ಲಬ್ಯಾಡ್ರಿ, ಕುಂತಕೊಂಡ ಇಳೀರಿ. ನಾ ಮುಂದಿರ್ತೇನಿ, ನನ್ನ ಬೆನ್ನಷ್ಟ ನೋಡ್ರಿ" ಎಂದರು. ಹಾಗೆಯೇ ಕಲ್ಲಿನಿಂದ ಕಲ್ಲಿಗೆ ಕೂಸಿನಂತೆ ತೆವಳಿದೆ. ಪ್ಯಾಂಟಿನ ಹಿಂಭಾಗ ಅರ್ಧ ದಾರಿಯಲ್ಲೇ ನನ್ನ ಕೈಬಿಟ್ಟಿತು. ವತ್ಸಲಾ ತನ್ನ ದುಪಟ್ಟಾ ಬಿಚ್ಚಿ ನನ್ನ ಸೊಂಟಕ್ಕೆ ಬಿಗಿದಳು. ಉಳಿದವರು ಏನೂ ಕಾಣದವರಂತೆ ಮುಖ ತಿರುಗಿಸಿ ನಡೆದರು. ಅವರು ನಕ್ಕಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಕೆಳಗೆ ಮುಟ್ಟಿದ ಮೇಲೆ ದೇಸಾಯರು ಗಂಭೀರವಾಗಿ, "ಈ ಗುಡ್ಡದ ಒಂದೊಂದು ಕಲ್ಲೂ ನಿಮ್ಮಷ್ಟು ಹತ್ರದಿಂದ ಯಾರೂ ತಿಳಕೊಂಡಿಲ್ರಿ. ಮುಂದಿನ ಸಲ ಅಂಜುವ ಹೊಸಬ್ರನ್ನ ನೀವ ಇಳಿಸಬೇಕ್ ನೋಡ್ರಿ, ಉಪನಾಯಕರಾಗಿ" ಎಂದರು. ಗುಂಪು ಚಪ್ಪಾಳೆ ತಟ್ಟಿತು.

ಇದು ಗೌರವವೋ ಅಣಕವೋ ಎಂದು ವಿಚಾರ ಮಾಡುವ ಮೊದಲೇ ನಾನು ಒಪ್ಪಿಕೊಂಡಾಗಿತ್ತು. ಅಷ್ಟೇ ಅಲ್ಲ, ಎದೆಯುಬ್ಬಿಸಿ ಎರಡು ಮಾತಿನ ಭಾಷಣವನ್ನೂ ಮಾಡಿದೆ.