ಅಳುವ ಹೆಂಗಸಿನ ಪ್ಲೇಟು

ಗ್ರಾಮಫೋನ್ ಇಟ್ಟುಕೊಂಡವನ ಮನೆಯಲ್ಲಿ ನೆಮ್ಮದಿಯಾಗಿ ಹಾಡು ಕೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತಲೇ ಇರುತ್ತದೆ. ನಮ್ಮದು ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಲೈನ್ ಮನೆ; ಒಂದು ಗೋಡೆಗೆ ಎರಡು ಸಂಸಾರ. ಗಣಿ ಮುಚ್ಚಿದಾಗ ಊರು ಬಿಟ್ಟ ನಮ್ಮ ಸಾಹೇಬರು ಕೀ ಕೊಡುವ ಗ್ರಾಮಫೋನನ್ನೂ ಒಂದು ಟ್ರಂಕು ಹಳೇ ಪ್ಲೇಟುಗಳನ್ನೂ ನನ್ನ ತಲೆಗೆ ಕಟ್ಟಿ ಹೋದರು. ಎಲ್ಲವೂ ಬ್ಲೂಸ್, ಅಮೆರಿಕದ ಕಪ್ಪು ಜನ ನಮ್ಮಜ್ಜನ ಕಾಲದಲ್ಲಿ ಹಾಡಿದ ಕಷ್ಟದ ಹಾಡುಗಳು. ನನಗೆ ಅದರ ಹುಚ್ಚು ಹಿಡಿಯಿತು, ಹೆಂಡತಿಗೆ ಹಿಡಿಯಲಿಲ್ಲ.

ಹೋದ ತಿಂಗಳು ಅವಳಿಗೆ ಆ ಟ್ರಂಕಿನ ಜಾಗ ಬೇಕಾಯಿತು. "ಒಂದತ್ತು ಆರಿಸಿ ಮಡಿಕ್ಕೊಳ್ಳಿ. ಮಿಕ್ಕಿದ್ದು ಭಾನ್ವಾರ ಗುಜರಿಗೆ. ಆ ಅಳೋ ಎಂಗಸು ಮಾತ್ರ ಈ ಮನೇಲಿ ಇರಕೂಡ್ದು" ಅಂದಳು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಪ್ಲೇಟಿನಲ್ಲಿ ಅಳುತ್ತಲೇ ಹಾಡುವ ಆ ಹೆಂಗಸೇ.

ರೈಲು

ಭಾವಮೈದ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರ್ ಆದವನು. ಆರಿಸಲು ಸಹಾಯವಾಗಲಿ ಎಂದು ಅವನನ್ನು ಕೂರಿಸಿಕೊಂಡು, ಮೌತಾರ್ಗನ್‌ನಲ್ಲೇ ರೈಲು ಓಡಿಸುವ ಪ್ಲೇಟು ಹಾಕಿದೆ. ಕಣ್ಣು ಮುಚ್ಚಿ ಕೇಳಿದ. "ಗೂಡ್ಸು. ಈಗ ಏರು ಬಂತು. ಈಗ ಬ್ರಿಡ್ಜು." ಮೂರು ನಿಮಿಷಕ್ಕೆ ಪ್ಲೇಟು ಮುಗಿಯಿತು. ಎದ್ದು ನಿಂತ. "ಯಾಕೆ ನಿಲ್ಸಿದ? ಸ್ಟೇಷನ್ನೇ ಬಂದಿಲ್ಲ!"

ತಿರುಗಿಸಿ ಹಾಕಿದೆ. ಆ ಕಡೆ ಒಬ್ಬ ಗಂಡಸು ಗೋಳಾಡುತ್ತಿದ್ದ.

"ಅಳದೆ ಏನ್ ಮಾಡ್ತಾನೆ ಭಾವ, ಗಾಡಿ ದಾರೀಲೇ ನಿಂತೈತೆ."

ಎರಡು ಸಲ

ಈ ಹಾಡುಗಳಲ್ಲಿ ಮೊದಲ ಸಾಲನ್ನು ಎರಡೆರಡು ಸಲ ಹಾಡುತ್ತಾರೆ. ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಅರ್ಥ ಹೇಳಿದರು: "ಹೆಂಡತಿ ನನ್ನನ್ನು ಬಿಟ್ಟುಹೋದಳು. ಹೆಂಡತಿ ನನ್ನನ್ನು ಬಿಟ್ಟುಹೋದಳು."

"ಎರಡು ಸಲ ಯಾಕೆ ಮೇಷ್ಟ್ರೆ?"

"ಮೊದಲನೇದು ದುಃಖಕ್ಕೆ. ಎರಡನೇದು ಸರಿಯಾಗಿ ಕೇಳಿ, ದನಿ ಸ್ವಲ್ಪ ಹಗುರಾಗಿಲ್ವಾ?"

ಇಬ್ಬರೂ ನಕ್ಕೆವು. ಅಡುಗೆಮನೆಯಿಂದ ನನ್ನವಳ ದನಿ ಬಂತು: "ನಾನು ತೌರಿಗೆ ಅಂತ ಕಾಮಸಮುದ್ರದ ಬಸ್ಸತ್ತಿದ್ರೆ ಇವ್ರು ಸೀದಾ ಎರಡನೇ ಸಲದಿಂದ್ಲೇ ಶುರು ಮಾಡೋರು, ಮೇಷ್ಟ್ರೆ!"

ಗೋಡೆಯಾಚೆಯಿಂದ ಮೇಷ್ಟ್ರ ಹೆಂಡತಿ ಕೂಗಿದರು: "ನಮ್ಮೋರೂ ಅಷ್ಟೇ ಕಣಕ್ಕ!"

ಪಾಟಿ ಬಂದದ್ದು

ಶನಿವಾರ ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ, ಕೊನೆಯದಾಗಿ ಒಂದು ಸಲ ಎಂದು ಅಳುವ ಹೆಂಗಸನ್ನು ಹಾಕಿದೆ. ಅವಳ ಗೋಳು ಲೈನಿಗೆಲ್ಲ ಕೇಳುತ್ತಿತ್ತು.

ಅಷ್ಟರಲ್ಲಿ ನಮ್ಮ ಲೈನಿನ ತಮಿಳಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ಎದೆ ಬಡಿದುಕೊಂಡು ಒಳಗೆ ನುಗ್ಗಿದಳು. ಯಾರ ಮನೆಯಲ್ಲಿ ಸಾವಾದರೂ ಸತ್ತವರ ಗುಣ ಹೊಗಳುವ ಒಪ್ಪಾರಿ ಹಾಡಿ ಅಳುವುದು ಅವಳೇ. ನನ್ನನ್ನು ನೋಡಿ ನಿಂತಳು. "ತಂಬಿ, ಸತ್ತಿದ್ದು ನೀನಲ್ವಾ? ಅಂಗಾರೆ ಯಾರು?"

ಗ್ರಾಮಫೋನ್ ತೋರಿಸಿದೆ. ಕೂತು ಪರೀಕ್ಷೆ ಮಾಡುವವಳಂತೆ ಕೇಳಿದಳು. "ಗಂಟಲು ಚೆನ್ನಾಗೈತೆ. ಸತ್ತೋನ ಗುಣ ಒಂದೂ ಏಳ್ತಿಲ್ವಲ್ಲ! ಇಂಗೂ ಅಳ್ತಾರಾ?" ಎಂದು ತಾನೇ ರಾಗ ಎತ್ತಿದಳು. ಗುಣಕ್ಕೆ ಯಾರಾದರೂ ಬೇಕಲ್ಲ, ಎದುರಿಗಿದ್ದವನು ನಾನು. ಚಿನ್ನದಂಥ ಗಂಡ, ಹೆಂಡತಿಗೆ ಒಂದು ಬಿರುಸು ಮಾತಾಡದ ರಾಜ, ಜ್ವರ ಬಂದಾಗ ಗಂಜಿ ಕಾಯಿಸಿ ಕುಡಿಸಿದ ಸಾಮಿ ಎಂದು ನನ್ನನ್ನೇ ಸತ್ತವನನ್ನಾಗಿ ಮಾಡಿ ಅತ್ತಳು. ಜೀವಂತ ಕೂತು ಕೇಳುತ್ತಿದ್ದ ನನಗೇ ಕಣ್ಣು ತುಂಬಿತು. ಇಂಥವನನ್ನು ಕಳೆದುಕೊಂಡರೆ ಈ ಲೈನಿನ ಗತಿಯೇನು ಅನ್ನಿಸಿತು. ತಿರುಗಿದರೆ ಹೆಂಡತಿ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಸೀದಾ ಒಳಗೆ ಹೋಗಿ ಕೊಡ ಇಳಿಸಿದಳು.

ಭಾನುವಾರ ನೋಡಿದರೆ ಅಳುವ ಹೆಂಗಸನ್ನು ಅವಳೇ ಒರೆಸಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು. "ಪಾಟಿ ಏಳಿದ್ದು ಕೇಳಿ ಮನಸ್ಸು ಕರಗ್ತಾ?" ಎಂದೆ.

"ಪಾಟಿಗೆ ವಯಸ್ಸಾಯ್ತು. ನಿಮ್ ಸರದಿ ಬರೋ ಒತ್ತಿಗೆ ಅವ್ಳು ಇರ್ತಾಳೋ ಇಲ್ವೋ. ಅಷ್ಟೊಂದು ಸುಳ್ಳು ಏಳಿ ಅಳೋದು ನನ್ ಕೈಲಂತೂ ಆಗಲ್ಲ. ಇವ್ಳೇ ವಾಸಿ. ಗುಣ ಗಿಣ ಏನೂ ಏಳಲ್ಲ, ಬರೀ ಅಳ್ತಾಳೆ."