ಹೊಟ್ಟೆಯೊಳಗಿನ ನಾಲ್ಕು ಸಾಲು ಪಿನ್ನು

ಹತ್ತು ಜನರ ನಡುವೆ ಎದ್ದು ಕಾಣುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಆದರೆ ಆ ಒಂದು ವರ್ಷ ನಾನು ಎಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತರೂ ಏನಾದರೊಂದು ಆಗಿಯೇ ತೀರುತ್ತಿತ್ತು. ನಾನು ಹೆದರಿ ಬೆವರುತ್ತಿದ್ದೆ, ಉಳಿದವರು ನಗುತ್ತಿದ್ದರು.

ತೊಂಬತ್ತರ ದಶಕದ ಮಾತು. ಸಿಂಗಾಪುರದ ಬುಕಿತ್ ಬಾಟೋಕ್‌ನಲ್ಲಿ ಮನೆ, ಜುರಾಂಗ್ ಕಡೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ. ತೂಕ ನೂರಿಪ್ಪತ್ತೆಂಟು ಕಿಲೋ. ಕ್ಲೆಮೆಂಟಿಯ ಸ್ನೇಹಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನೆಲದ ಮೇಲೆ ಊಟಕ್ಕೆ ಕೂತ ನನ್ನನ್ನು ಎಬ್ಬಿಸಲು ಇಬ್ಬರು ಬೇಕಾದರು. ಮೂರನೆಯವರು ಹಿಂದಿನಿಂದ ತಳ್ಳಿದರು. ಮರುವಾರವೇ ಡಾಕ್ಟರ ಬಳಿ ಹೋದೆ.

ಅವರು ಆಪರೇಷನ್ ಮಾಡಿ ನನ್ನ ಹೊಟ್ಟೆಯ ಚೀಲಕ್ಕೆ ಸ್ಟೇಪ್ಲರಿನಂಥ ಪಿನ್ನು ಹೊಡೆದು, ಮೇಲ್ಗಡೆ ಅರ್ಧ ಟೀ ಕಪ್ಪಿನಷ್ಟು ಜಾಗ ಮಾತ್ರ ಬಿಟ್ಟರು. ಆಮೇಲೆ ಊಟ ಮಾಡುವುದನ್ನು ಹೊಸದಾಗಿ ಕಲಿಸಿದರು. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ನಡುನಡುವೆ ಚಮಚ ಕೆಳಗಿಡಬೇಕು. ತಟ್ಟೆ ಬಿಟ್ಟು ಬೇರೆಲ್ಲೂ ಗಮನ ಕೂಡದು. ಸಾಕು ಅನ್ನಿಸಿದ ಮೇಲೆ ಒಂದು ತುತ್ತು ಹೆಚ್ಚು ತಿಂದರೂ ಪಿನ್ನು ಕಿತ್ತು ಬರಬಹುದು. ಈ ಕೊನೆಯ ಮಾತು ಮಾತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಹೆಂಡತಿ ಮತ್ತು ಎಂಟು ವರ್ಷದ ಮಗಳನ್ನು ಬಿಟ್ಟು ಯಾರಿಗೂ ವಿಷಯ ಹೇಳಲಿಲ್ಲ. ಕೇಳಿದವರಿಗೆಲ್ಲ ‘ಗ್ಯಾಸ್ ಟ್ರಬಲ್’ ಎಂದೆ.

ಮೂವತ್ತು ಹಾಳೆ

ಆಪರೇಷನ್ ಆಗಿ ಆಫೀಸಿಗೆ ಹೋದ ಮೊದಲ ದಿನ. ಪಕ್ಕದ ಮೇಜಿನ ಚೀನೀ ಹೆಂಗಸು ದಪ್ಪ ಫೈಲೊಂದಕ್ಕೆ ಸ್ಟೇಪ್ಲರ್ ಒತ್ತಿದರು. ‘ಕಟಕ್’. ನನ್ನ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಆಕೆ ಫೈಲು ಎತ್ತಿದರು. ಪಿನ್ನು ಬಾಯಿ ಬಿಟ್ಟು, ಹಾಳೆಗಳೆಲ್ಲ ನೆಲಕ್ಕೆ ಬಿದ್ದವು.

“ಈ ಪಿನ್ ಯೂಸ್‌ಲೆಸ್ ಲಾ! ಥರ್ಟಿ ಪೇಜ್ ಓನ್ಲಿ, ಆಲ್ ಕಮ್ ಔಟ್” ಎಂದು ಆ ಊರಿನ ‘ಲಾ’ ಸೇರಿಸಿ ಗೊಣಗಿದರು.

ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡೆ. ಮನಸ್ಸು ತಡೆಯಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆ. ಪಿನ್ನು ಗಟ್ಟಿ ಇದೆಯೇ ಎಂದು ಕೇಳಿದೆ.

“ಹೆದರಬೇಡಿ. ಒಂದೇ ಸಾಲು ಹಾಕಿಲ್ಲ, ನಾಲ್ಕು ಸಾಲು ಹಾಕಿದ್ದೇನೆ” ಎಂದರು ಅವರು.

ಅಂದರೆ ಮೊದಲ ಮೂರು ಸಾಲುಗಳ ಮೇಲೆ ಅವರಿಗೂ ನಂಬಿಕೆ ಇರಲಿಲ್ಲ.

ಕೊಲೆಗಾರ ಯಾರು

ಅಗಿಯುವುದನ್ನು ಹೇಗೋ ಕಲಿತೆ. ಕಷ್ಟವಾದದ್ದು ಪುಸ್ತಕ ಬಿಡುವುದು. ಅಕ್ಷರ ಕಲಿತ ಮೇಲೆ ಪುಸ್ತಕವಿಲ್ಲದೆ ನಾನು ಒಂದು ಹೊತ್ತೂ ಊಟ ಮಾಡಿದವನಲ್ಲ. ಈಗ ಇಡ್ಲಿಯನ್ನೇ ನೋಡುತ್ತಾ ಇಡ್ಲಿ ತಿನ್ನಬೇಕು. ಇಡ್ಲಿಯಲ್ಲಿ ಮುಂದೇನಾಗುತ್ತದೆ ಎಂಬ ಕುತೂಹಲವೇ ಇರುವುದಿಲ್ಲ.

ಎದುರಿಗೆ ಕೂತು ಲೆಕ್ಕ ಹಾಕುವ ಕೆಲಸ ಮಗಳದ್ದು. “ಅಪ್ಪಾ, ಟ್ವೆಂಟಿ ಟೂನೇ ಆಗಿದ್ದು. ಚೀಟಿಂಗ್ ಲಾ!”

ಒಂದು ಭಾನುವಾರ ಅವಳು ಕೆಳಗೆ ಕಟ್ಟಡದ ತಳದ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ ಆಡಲು ಹೋಗಿದ್ದಳು. ಮೇಜಿನ ಕೆಳಗೆ ಪತ್ತೇದಾರಿ ಕಾದಂಬರಿ ಬಿಡಿಸಿದೆ. ಬೀಗ ಹಾಕಿದ ಕೋಣೆ, ಒಳಗೆ ಹೆಣ. ಆ ಗಾಬರಿಯಲ್ಲಿ ಕಾಲು ದೋಸೆ ಅಗಿಯದೆ ಇಳಿದುಹೋಯಿತು. ಎದೆಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಪಿನ್ನು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ ಎಂದುಕೊಂಡು ಗೋಡೆ ಹಿಡಿದು ನಿಂತೆ. ಹೆಂಡತಿ ಬೆನ್ನು ಸವರುತ್ತಾ ಉಡುಪಿಯ ಎಲ್ಲ ದೇವರಿಗೂ ಹರಕೆ ಹೊತ್ತಳು. ಮುಕ್ಕಾಲು ಗಂಟೆಯ ನಂತರ ಕಲ್ಲು ಸರಿಯಿತು. ಅವಳ ಕಣ್ಣಿಗೆ ಆಗ ಮೇಜಿನ ಕೆಳಗಿನ ಪುಸ್ತಕ ಬಿತ್ತು.

“ಕೊಲೆ ಮಾಡಿದ್ದು ಯಾರು ಅಂತಾದ್ರೂ ಗೊತ್ತಾಯ್ತಾ? ಇಲ್ಲಾಂದ್ರೆ ನಾನು ಮಾಡ್ತೇನೆ” ಎಂದಳು.

ಎರಡನೇ ಬಟ್ಟಲು

ಸಾಲು ಊಟದಂಗಡಿಗಳ ಹಾಕರ್ ಸೆಂಟರಿನ ಒಂದು ಅಂಗಡಿಯಲ್ಲಿ ಅಕ್ಕಿ ಗಂಜಿ ಚೆನ್ನಾಗಿರುತ್ತಿತ್ತು. ಮೊದಲ ಸಲ ಹೋದಾಗ ನಿಯಮ ತಪ್ಪದೆ ತಿಂದೆ. ಚಮಚ ಎತ್ತಿ ನೋಡುವುದು, ಅಗಿಯುವುದು, ಚಮಚ ಇಡುವುದು, ಗಡಿಯಾರ ನೋಡುವುದು. ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ತಿಂದದ್ದನ್ನು ಬರೆದಿಡುವುದು.

ನಾಲ್ಕನೇ ಚಮಚದ ಹೊತ್ತಿಗೆ ಅಂಗಡಿಯವನು ಬಂದು ನನ್ನ ಮೇಜು ಒರೆಸಿದ. ಆರನೆಯದಕ್ಕೆ ಅವನ ಹೆಂಡತಿ ತಲೆಗೆ ಟೋಪಿ ಹಾಕಿಕೊಂಡಳು. ನಾನು ಮತ್ತೆ ಪುಸ್ತಕದಲ್ಲಿ ಬರೆದೆ. ಅವರು ನೆಲ ತೊಳೆಯಲು ಶುರು ಮಾಡಿದರು. ಕಾಲು ಬಟ್ಟಲಿಗೆ ಸಾಕೆಂದು ಎದ್ದಾಗ ಅಂಗಡಿಯವನು ಓಡಿ ಬಂದ.

“ಹೆಲ್ತ್ ಇನ್‌ಸ್ಪೆಕ್ಟರ್, ದಿಸ್ ಒನ್ ನಾಟ್ ನೈಸ್? ಟ್ರೈ ಅನದರ್ ಒನ್!” ಎಂದು ತುಂಬಿ ತುಳುಕುವ ಹೊಸ ಬಟ್ಟಲನ್ನು ನನ್ನ ಮುಂದಿಟ್ಟ. ಅವನಿಗೆ ನನ್ನ ಭಯ. ನನಗೆ ಬಟ್ಟಲಿನ ಭಯ. ಇಬ್ಬರಲ್ಲಿ ಓಡಿದವನು ನಾನು.

ಕ್ಲೆಮೆಂಟಿಯ ಪಂಕ್ತಿ

ವರ್ಷ ತಿರುಗಿ ಅದೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ನಾನು ನಲವತ್ತು ಕಿಲೋ ಇಳಿದಿದ್ದೆ. ಹಾಲ್‌ನಲ್ಲಿ ಬಾಳೆಯೆಲೆ ಹಾಸಿ ಗಂಡಸರ ಪಂಕ್ತಿ ಕೂರಿಸಿದರು. ವಯಸ್ಸಿನಲ್ಲಿ ಹಿರಿಯನೆಂದು ನನ್ನನ್ನು ಮೊದಲ ಎಲೆಗೆ ಕೂರಿಸಿದರು. ಪಕ್ಕದಲ್ಲಿ ಬೆಂಗಳೂರಿನವರೊಬ್ಬರು, ಹೊಟ್ಟೆಯ ಮೇಲೆ ಬಿಗಿದ ಪ್ಯಾಂಟು.

“ಏನ್ ಸಾರ್, ಕಡ್ಡಿ ಆಗ್ಬಿಟ್ರಿ! ಮನೇಲಿ ಊಟ ಹಾಕ್ತಿಲ್ವಾ?”

“ಗ್ಯಾಸ್ ಟ್ರಬಲ್” ಎಂದೆ.

ಏಳನೇ ತುತ್ತಿಗೆ ಹೊಟ್ಟೆ ತುಂಬಿತು. ಆದರೆ ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಏಳುವಂತಿಲ್ಲ. ಕೈ ಕಟ್ಟಿ ಕೂತರೆ ಬಡಿಸುವವರು ಬಿಡುವುದಿಲ್ಲ. ಹಾಗಾಗಿ ಸಾಸಿವೆ ಕಾಳಿನಷ್ಟು ಹೋಳಿಗೆ ಚಿವುಟಿ ಬಾಯಿಗಿಟ್ಟು, ಮೂವತ್ತು ಸಲ ಅಗಿಯುತ್ತಾ ಉಳಿದವರದ್ದು ಮುಗಿಯಲೆಂದು ಕಾದೆ. ಅವರೋ ಮೊಸರನ್ನ ಮುಗಿಸಿ, ಮೊದಲ ಎಲೆಯ ಹಿರಿಯರದ್ದು ಮುಗಿಯಲೆಂದು ಕಾಯುತ್ತಿದ್ದರು. ಸುಮ್ಮನೆ ಕೂತರೆ ನನಗೆ ಮುಜುಗರವಾದೀತೆಂದು ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಮಜ್ಜಿಗೆ ಹಾಕಿಸಿಕೊಂಡರು. ಅವರು ಇನ್ನೂ ಉಣ್ಣುತ್ತಿದ್ದಾರಲ್ಲ ಎಂದು ನಾನು ಇನ್ನೊಂದು ಚೂರು ಚಿವುಟಿದೆ.

ಹೀಗೆ ಅರ್ಧ ಗಂಟೆ. ಎರಡನೇ ಪಂಕ್ತಿಯ ಹೆಂಗಸರು, ಮಕ್ಕಳು ಬಾಗಿಲಲ್ಲಿ ಹಸಿದು ನಿಂತಿದ್ದರು.

“ನೋಡಿ, ಹೋಳಿಗೆ ಸವಿಯೋದು ಅಂದ್ರೆ ಹೀಗೆ!” ಎಂದು ಮನೆಯ ಯಜಮಾನರು ಖುಷಿಯಾಗಿ ಎರಡು ಹೋಳಿಗೆಯನ್ನು ನನ್ನ ಎಲೆಗೆ ಬಿಟ್ಟರು. ಕೈ ಅಡ್ಡ ಹಿಡಿದೆ. ಕೈ ಮೇಲೆಯೇ ತುಪ್ಪ ಸುರಿದರು. “ಒಂದೇ ತುತ್ತು ಸಾರ್, ನನಗೋಸ್ಕರ.”

ಆ ಒಂದು ತುತ್ತಿನ ವಿಷಯವನ್ನೇ ಡಾಕ್ಟರು ಹೇಳಿದ್ದು. ಎದೆಯಲ್ಲಿ ಆ ಹಳೆಯ ಕಲ್ಲು ಆಗಲೇ ಅಲುಗುತ್ತಿತ್ತು. ಹೇಳಲು ನಾಚಿಕೆ, ತಿನ್ನಲು ಸಾವಿನ ಭಯ. ತುತ್ತು ಎತ್ತಿಯೇಬಿಟ್ಟೆ.

“ಅಪ್ಪಾ, ಡೋಂಟ್!” ಬಾಗಿಲಿನಿಂದ ಮಗಳು ಕಿರುಚಿದಳು. “ನಿಂಗೆ ಫುಲ್ ಆಗಿದೆ! ಹೊಟ್ಟೆ ಪಿನ್ ಎಲ್ಲಾ ಕಿತ್ಕೊಂಡು ಬರುತ್ತೆ ಲಾ!”

ತುತ್ತು ಕೆಳಗಿಟ್ಟೆ. ಹೊಟ್ಟೆಯಲ್ಲಿ ನಾಲ್ಕು ಸಾಲು ಪಿನ್ನು ಇದೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡು, ಎದ್ದು ನಿಂತೆ. ಯಾರ ಸಹಾಯವೂ ಬೇಕಾಗಲಿಲ್ಲ.

ಉಳಿದವರು ಮಾತ್ರ ಏಳಲಿಲ್ಲ. ಕುರ್ಚಿಯಲ್ಲಿ ಕೂತು ದುಡಿಯುವ ಹತ್ತು ಜನ, ಮುಕ್ಕಾಲು ಗಂಟೆ ಚಕ್ಕಳಮಕ್ಕಳ ಹಾಕಿದ್ದರು. ಎಲ್ಲರ ಕಾಲೂ ಜೋಮು ಹಿಡಿದಿತ್ತು. ತಪ್ಪು ನನ್ನದೇ ಆದ್ದರಿಂದ ಬೆಂಗಳೂರಿನವರಿಗೆ ಎಡಗೈ ಕೊಟ್ಟು ಎಳೆದೆ.

“ಅಯ್ಯೋ, ಭಾರ ಎತ್ತಬೇಡಿ!” ಎಂದು ಹೆಂಡತಿ ಕೂಗುವುದಕ್ಕೂ ‘ಟಪ್’ ಎಂದು ಏನೋ ಕಿತ್ತುಹೋಗುವುದಕ್ಕೂ ಸರಿಹೋಯಿತು.

ನಾನು ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿಕೊಂಡೆ.

“ಯಾರದ್ದು?” ಎಂದಳು ಹೆಂಡತಿ, ಸಣ್ಣ ದನಿಯಲ್ಲಿ.

“ನಂದು ಮೇಡಂ” ಎಂದರು ಬೆಂಗಳೂರಿನವರು, ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು. ಗುಂಡಿ ನನ್ನ ಎಲೆಯ ಪಾಯಸದಲ್ಲಿ ತೇಲುತ್ತಿತ್ತು.